ಹಿಮದ ಮೇಲಿನ ಬಿಸಿಲು: ಕಣ್ಣು, ಮಂಡಿ ಜೋಪಾನ

ಹಿಮ ಎಂದ ಕೂಡಲೇ ನಮ್ಮವರಿಗೆ ನೆನಪಾಗುವುದು ಚಳಿ. ಯುರೋಪಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೊರಟವರ ಪೆಟ್ಟಿಗೆ ತೆರೆದು ನೋಡಿ. ಮಂಕಿ ಟೋಪಿ, ಉಣ್ಣೆಯ ಶಾಲು, ಎರಡು ಜೊತೆ ಸ್ವೆಟರು, ನೆಗಡಿಗೆ ಅಮೃತಾಂಜನ, ಕೆಮ್ಮಿಗೆ ಕಷಾಯದ ಪುಡಿ ಎಲ್ಲವೂ ಇರುತ್ತವೆ. ಒಳ್ಳೆಯ ಕಪ್ಪು ಕನ್ನಡಕ ಮಾತ್ರ ಇರುವುದಿಲ್ಲ. ಆದರೆ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಕಲಿಯಲು ಹೋದವರು ಮೊದಲ ದಿನವೇ ಹಾಸಿಗೆ ಹಿಡಿದರೆ ಅದಕ್ಕೆ ಚಳಿಯೇ ಕಾರಣವಾಗಿರಬೇಕೆಂದೇನಿಲ್ಲ, ಬಿಸಿಲೂ ಆಗಿರಬಹುದು.

ಕೆಲವು ದಿನಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ನಿವೃತ್ತ ಶಿಕ್ಷಕರೊಬ್ಬರು ಪತ್ನಿಯೊಂದಿಗೆ ಬಂದಿದ್ದರು. ವಯಸ್ಸು 61. ರಕ್ತದ ಏರೊತ್ತಡಕ್ಕೆ ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿದ್ದಾರೆ. ಮಗ ಜೂರಿಕ್‌ನಲ್ಲಿ ಇಂಜಿನಿಯರು. ಈಸ್ಟರ್ ರಜೆಯಲ್ಲಿ ಮನೆಮಂದಿಯೆಲ್ಲ ಝೆರ್ಮಾಟ್‌ಗೆ ಹೋಗುವ ಯೋಚನೆ. “ಡಾಕ್ಟ್ರೇ, ಹೊಸದಾಗಿ ಕಲಿಯೋರಿಗೆ ಅಂತಲೇ ಅಲ್ಲೊಂದು ಜಾಗ ಇದೆಯಂತೆ. ಒಳ್ಳೇ ಬಿಸಿಲಂತೆ. ಏಳು ವರ್ಷದ ಮೊಮ್ಮಗ ಜಾರ್ತಾನೆ, ನಾನೂ ಒಂದು ಕೈ ನೋಡಬಹುದಲ್ವಾ?” ಎಂದರು. ಪಕ್ಕದಲ್ಲಿದ್ದ ಪತ್ನಿ, “ಬೇಡ ಅಂತ ನೀವೇ ಹೇಳಿಬಿಡಿ ಡಾಕ್ಟ್ರೇ” ಎಂದರು. ನಾನು ಬೇಡ ಎನ್ನಲಿಲ್ಲ. ಆದರೆ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿದೆ. ಇಂಥ ಪ್ರಯಾಣಕ್ಕೆ ಹೊರಡುವ ಕುಟುಂಬಗಳು ಈಗ ನಮ್ಮಲ್ಲಿ ಅಪರೂಪವಲ್ಲವಾದ್ದರಿಂದ ಆ ಮಾತನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಹೆಸರಿನಲ್ಲೇ ಸೂರ್ಯ

ಝೆರ್ಮಾಟ್ ಸ್ವಿಟ್ಜರ್ಲೆಂಡಿನ ದಕ್ಷಿಣ ಭಾಗದ ವಾಲೇ ಪ್ರಾಂತ್ಯದ ಊರು. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಪೆಟ್ರೋಲು ಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಓಡಾಡುವುದೆಲ್ಲ ಪುಟ್ಟ ವಿದ್ಯುತ್ ಗಾಡಿಗಳು. ಊರಿನ ನೆತ್ತಿಯ ಮೇಲೆ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರ ನಿಂತಿದೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್‌ನ ತಂಡ ಅದನ್ನು ಮೊದಲ ಬಾರಿಗೆ ಹತ್ತಿತು. ಏಳು ಮಂದಿಯೂ ತುದಿ ಮುಟ್ಟಿದರು. ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಬೆಟ್ಟದ ಲೆಕ್ಕಾಚಾರವೇ ಹಾಗೆ, ಅಪಾಯ ಇಳಿಯುವ ದಾರಿಯಲ್ಲಿ ಹೆಚ್ಚು. ಸ್ಕೀಯಿಂಗ್ ಎಂಬುದಂತೂ ಬರೀ ಇಳಿಯುವ ಆಟ.

ಗಡಿಯಾಚೆಯ ಇಟಲಿಯ ಚೆರ್ವೀನಿಯಾವನ್ನೂ ಸೇರಿಸಿದರೆ ಇಲ್ಲಿ ಸುಮಾರು 360 ಕಿಲೋಮೀಟರ್ ಜಾರುದಾರಿಗಳಿವೆ. ನೀಲಿ ಗುರುತಿನವು ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಇಷ್ಟು ವಿಶಾಲವಾದ ಪ್ರದೇಶದಲ್ಲಿ ಹೊಸಬರನ್ನು ಕೈಹಿಡಿದು ಬರಮಾಡಿಕೊಳ್ಳುವ ಜಾಗ ಸುನ್ನೆಗ್ಗಾ. ಹೆಸರಿನಲ್ಲೇ ಸೂರ್ಯನಿದ್ದಾನೆ. ಊರಿನಿಂದ ಬೆಟ್ಟದ ಹೊಟ್ಟೆಯೊಳಗೆ ಕೊರೆದ ಸುರಂಗದಲ್ಲಿ ಹಗ್ಗದಿಂದ ಎಳೆಯುವ ರೈಲೊಂದು 1980ರಿಂದ ಓಡುತ್ತಿದೆ. ಕೆಲವೇ ನಿಮಿಷಗಳಲ್ಲಿ ನೀವು 2,288 ಮೀಟರ್ ಎತ್ತರಕ್ಕೆ ಬಂದು ನಿಲ್ಲುತ್ತೀರಿ. ನಿಲ್ದಾಣದ ಸ್ವಲ್ಪ ಕೆಳಗೆ ಲೈಸೇ ಎಂಬ ಪುಟ್ಟ ಕೆರೆ. ಬೇಸಿಗೆಯಲ್ಲಿ ಮಕ್ಕಳು ಅದರಲ್ಲಿ ಈಜುತ್ತಾರೆ. ಚಳಿಗಾಲದಲ್ಲಿ ಅದರ ದಂಡೆಯ ಇಳಿಜಾರು ಹೊಸಬರ ಪಾಠಶಾಲೆ. ಆ ಕಡೆಯ ಕಪ್ಪುಮೂತಿಯ ಕುರಿಯನ್ನು ಗೊಂಬೆ ಮಾಡಿ ಅದಕ್ಕೆ ವೊಲ್ಲಿ ಎಂದು ಹೆಸರಿಟ್ಟಿದ್ದಾರೆ. ಮಕ್ಕಳ ಅಂಗಳಕ್ಕೂ ಅದೇ ಹೆಸರು. ಕಲಿಯುವವರು ಕಷ್ಟಪಟ್ಟು ಹತ್ತಬೇಕಾಗಿಲ್ಲ, ನಿಂತರೆ ಸಾಕು, ಚಲಿಸುವ ರಬ್ಬರ್ ಪಟ್ಟಿ ಮೇಲಕ್ಕೆ ಒಯ್ಯುತ್ತದೆ. ಎದುರಿಗೆ ಮ್ಯಾಟರ್‌ಹಾರ್ನ್, ಮೇಲೆ ನೀಲಿ ಆಕಾಶ, ಬೆನ್ನಿಗೆ ಹಿತವಾದ ಬಿಸಿಲು. ಅಜ್ಜ ಅಜ್ಜಿಯರಿಗೆ ಕೂತು ನೋಡಲು ಬಿಸಿಲಿಗೆ ಮುಖ ಮಾಡಿದ ಹೋಟೆಲಿನ ಜಗಲಿ.

ಇದರಲ್ಲಿ ಹೆದರುವಂಥದ್ದು ಏನಿದೆ ಎನ್ನುತ್ತೀರಾ? ಕಡಿದಾದ ಕಪ್ಪು ದಾರಿಯ ಮುಂದೆ ನಿಂತವರು ತಾವಾಗಿಯೇ ಜಾಗರೂಕರಾಗುತ್ತಾರೆ. ಇಲ್ಲಿ ಯಾರೂ ಆಗುವುದಿಲ್ಲ. ವೈದ್ಯನಾಗಿ ನನಗೆ ಚಿಂತೆ ಹುಟ್ಟಿಸುವುದು ಅದೇ.

ಸಂಜೆ ಶುರುವಾಗುವ ಕಣ್ಣುರಿ

ಎತ್ತರ ಒಂದು ಸಾವಿರ ಮೀಟರ್ ಹೆಚ್ಚಿದಂತೆಲ್ಲ ಸೂರ್ಯನ ಅತಿನೇರಳೆ ಕಿರಣಗಳ ತೀವ್ರತೆ ಶೇಕಡಾ 10ರಷ್ಟು ಏರುತ್ತದೆ. ಅಷ್ಟೇ ಆಗಿದ್ದರೆ ಟೋಪಿ ಹಾಕಿಕೊಂಡು ಸುಮ್ಮನಿರಬಹುದಿತ್ತು. ಆದರೆ ಹೊಸ ಹಿಮ ತನ್ನ ಮೇಲೆ ಬಿದ್ದ ಈ ಕಿರಣಗಳಲ್ಲಿ ಶೇಕಡಾ 80ರವರೆಗೂ ಮೇಲಕ್ಕೆ ತಿರುಗಿಸಿ ಎಸೆಯುತ್ತದೆ. ಸಮುದ್ರತೀರದ ಒಣ ಮರಳು ತಿರುಗಿಸುವುದು ಶೇಕಡಾ 15ರಷ್ಟು ಮಾತ್ರ. ಅಂದರೆ ಸುನ್ನೆಗ್ಗಾದಲ್ಲಿ ನಿಂತವರಿಗೆ ಒಬ್ಬ ಸೂರ್ಯ ತಲೆಯ ಮೇಲೆ, ಇನ್ನೊಬ್ಬ ಕಾಲ ಕೆಳಗೆ. ಚಳಿಗಾಳಿ ಬೀಸುತ್ತಿರುವುದರಿಂದ ಚರ್ಮಕ್ಕೆ ಸುಡುವ ಅನುಭವ ಆಗುವುದಿಲ್ಲ. ತೆಳುವಾದ ಮೋಡ ಕವಿದಿದ್ದರೂ ಕಿರಣಗಳು ನುಸುಳಿ ಬರುತ್ತವೆ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎಂದು ಹೆಸರು. ಚರ್ಮಕ್ಕೆ ಬಿಸಿಲು ತಾಗಿದರೆ ಹೇಗೆ ಸುಡುತ್ತದೋ ಹಾಗೆಯೇ ಕಾರ್ನಿಯಾದ ಹೊರಪದರವೂ ಸುಡುತ್ತದೆ. ಇದನ್ನೇ ಹಿಮಕುರುಡು ಎನ್ನುವುದು. ಇದರ ಮೋಸವಿರುವುದು ಸಮಯದಲ್ಲಿ. ಬಿಸಿಲಿನಲ್ಲಿ ಇರುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆಗಳ ನಂತರ, ಊಟ ಮುಗಿಸಿ ಫೋಟೋಗಳನ್ನು ನೋಡುತ್ತ ಕೂತಾಗಲೋ ನಡುರಾತ್ರಿಯಲ್ಲೋ, ಕಣ್ಣಿಗೆ ಮರಳು ಎರಚಿದಂತೆ ಉರಿ ಶುರುವಾಗುತ್ತದೆ. ನೀರು ಧಾರೆಯಾಗಿ ಸುರಿಯುತ್ತದೆ, ರೆಪ್ಪೆ ತೆರೆಯಲಾಗುವುದಿಲ್ಲ, ದೀಪ ನೋಡಿದರೆ ಚುಚ್ಚಿದಂತಾಗುತ್ತದೆ. ಮನೆಯವರು ಕಣ್ಣುಬೇನೆ ಎಂದುಕೊಂಡು ಯಾವುದೋ ಹಳೆಯ ಸೀಸೆಯ ಹನಿ ಹಾಕುತ್ತಾರೆ.

ಸಮಾಧಾನದ ಸಂಗತಿಯೆಂದರೆ ಸಾಮಾನ್ಯವಾಗಿ ಇದು ಒಂದೆರಡು ದಿನಗಳಲ್ಲಿ ತಾನೇ ಗುಣವಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೂಡಲೇ ತೆಗೆಯಿರಿ. ಕಣ್ಣು ಉಜ್ಜಬೇಡಿ. ಕತ್ತಲ ಕೋಣೆಯಲ್ಲಿ ತಣ್ಣನೆಯ ಒದ್ದೆ ಬಟ್ಟೆ ಮುಚ್ಚಿಕೊಂಡು ಮಲಗಿ. ಕಣ್ಣೀರಿನಂತೆ ತೇವ ಕೊಡುವ ಹನಿಗಳನ್ನು ಬಳಸಬಹುದು, ನೋವಿಗೆ ಪ್ಯಾರಾಸೆಟಮಾಲ್ ಸಾಕು. ಮರಗಟ್ಟಿಸುವ ಹನಿಗಳನ್ನು ಮನೆಯಲ್ಲಿ ಪದೇ ಪದೇ ಹಾಕಿಕೊಳ್ಳಲೇಬಾರದು. ನೋವು ನಿಲ್ಲುತ್ತದೆ, ಗಾಯ ಮಾಯುವುದೂ ನಿಲ್ಲುತ್ತದೆ. ಸ್ಟಿರಾಯ್ಡ್ ಹನಿಗಳ ತಂಟೆಗೂ ಸ್ವಂತ ಬುದ್ಧಿಯಿಂದ ಹೋಗಬೇಡಿ. ಎರಡು ದಿನವಾದರೂ ಇಳಿಯದಿದ್ದರೆ, ಇಲ್ಲವೇ ದೃಷ್ಟಿ ಮಂಜಾಗಿಯೇ ಉಳಿದರೆ ಕಣ್ಣಿನ ವೈದ್ಯರನ್ನು ಕಾಣಬೇಕು.

ತಡೆಯುವುದು ಇದಕ್ಕಿಂತ ಸುಲಭ. ಉತ್ತರ ಧ್ರುವದ ಕಡೆಯ ಇನುಯಿಟ್ ಜನ ಮೂಳೆಯಲ್ಲೋ ಮರದಲ್ಲೋ ಸಣ್ಣ ಸೀಳು ಬಿಟ್ಟು ಕೊರೆದ ಕಣ್ಕಾಪನ್ನು ಹಿಂದಿನಿಂದಲೂ ಕಟ್ಟಿಕೊಳ್ಳುತ್ತಿದ್ದರು. ನಮಗೆ ಅಂಗಡಿಯಲ್ಲೇ ಸಿಗುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಗಾಜಿನ ಕಪ್ಪನ್ನಲ್ಲ, ‘ಯುವಿ 400’ ಎಂಬ ಗುರುತನ್ನು. ಈ ರಕ್ಷಣೆ ಇಲ್ಲದ ಅಗ್ಗದ ಕಪ್ಪು ಕನ್ನಡಕ ಬರಿಗಣ್ಣಿಗಿಂತಲೂ ಕೆಟ್ಟದ್ದಾಗಬಹುದು. ಕತ್ತಲಾಯಿತೆಂದು ಕಣ್ಣಿನ ಪಾಪೆ ಹಿಗ್ಗಿ, ಕಿರಣಗಳಿಗೆ ಬಾಗಿಲು ಇನ್ನಷ್ಟು ಅಗಲವಾಗಿ ತೆರೆದಂತಾಗುತ್ತದೆ. ಬಿಸಿಲಿನ ಹಿಮಕ್ಕೆ ಮೂರನೇ ದರ್ಜೆಯ ಗಾಜು, ಬದಿಯೂ ಮುಚ್ಚುವಂಥ ಗಾಗಲ್ಸ್ ಸೂಕ್ತ. ಸುರಂಗದ ರೈಲಿನಿಂದ ಹೊರಗೆ ಕಾಲಿಡುವ ಮೊದಲೇ ಹಾಕಿಕೊಳ್ಳಿ. ತಳ್ಳುಗಾಡಿಯಲ್ಲಿ ಕೂತ ಕೂಸಿಗೂ ಬೇಕು, ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತ ಅಜ್ಜಿಗೂ ಬೇಕು.

“ನಮ್ಮ ಕಪ್ಪು ಚರ್ಮಕ್ಕೆ ಬಿಸಿಲು ಏನು ಮಾಡುತ್ತದೆ?” ಎಂದು ಕೇಳುವವರಿದ್ದಾರೆ. ನಮ್ಮ ಚರ್ಮದ ವರ್ಣಕ ಒಂದಿಷ್ಟು ರಕ್ಷಣೆ ಕೊಡುವುದು ನಿಜ, ಪೂರ್ತಿ ಅಲ್ಲ. ಕಾರ್ನಿಯಾಕ್ಕಂತೂ ಆ ವರ್ಣಕವೇ ಇಲ್ಲ. ಅಲ್ಲಿ ನಾವೂ ಸ್ವಿಸ್ ಜನರೂ ಒಂದೇ. 30 ಅಥವಾ ಹೆಚ್ಚಿನ ಎಸ್‌ಪಿಎಫ್ ಇರುವ ಸನ್‌ಸ್ಕ್ರೀನ್ ಲೇಪನವನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು. ಬೆಳಕು ಕೆಳಗಿನಿಂದಲೂ ಬರುವುದರಿಂದ ಗಲ್ಲದ ಅಡಿ, ಮೂಗಿನ ಹೊಳ್ಳೆಗಳ ಕೆಳಭಾಗ, ಕಿವಿ, ತುಟಿ ಇವನ್ನು ಮರೆಯಬಾರದು. ಇನ್ನೊಂದು ಮಾತು. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ಏರೊತ್ತಡಕ್ಕೆ ಕೊಡುವ ಥಯಜೈಡ್ ಜಾತಿಯ ಮೂತ್ರವರ್ಧಕಗಳು ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮಗೊಳಿಸುತ್ತವೆ. ನೀವು ನುಂಗುತ್ತಿರುವ ಮಾತ್ರೆಗಳಲ್ಲಿ ಇವು ಇವೆಯೇ ಎಂದು ಹೊರಡುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಹಾಗೆಂದು ಮಾತ್ರೆ ನಿಲ್ಲಿಸಬೇಡಿ.

ಮಂಡಿ ಏಕೆ ತಿರುಚುತ್ತದೆ

ಹಿಂದಿನ ಕಾಲದಲ್ಲಿ ಸ್ಕೀ ಆಡುವವರು ಮುರಿದುಕೊಳ್ಳುತ್ತಿದ್ದದ್ದು ಮೊಣಕಾಲ ಕೆಳಗಿನ ಮೂಳೆ. ಬಿದ್ದಾಗ ಹಲಗೆಯಿಂದ ಪಾದರಕ್ಷೆಯನ್ನು ಬಿಡಿಸುವ ಕೊಂಡಿಗಳು ಸುಧಾರಿಸಿದ ಮೇಲೆ ಆ ಮುರಿತಗಳು ಬಹಳ ಕಡಿಮೆಯಾದವು. ಈಗ ಪೆಟ್ಟು ತಿನ್ನುವುದು ಹೆಚ್ಚಾಗಿ ಮಂಡಿ. ಉದ್ದನೆಯ ಹಲಗೆ ಒಂದು ಕಡೆ ತಿರುಗಿ, ಮೈ ಇನ್ನೊಂದು ಕಡೆ ತಿರುಗಿದರೆ ನಡುವೆ ಸಿಕ್ಕ ಮಂಡಿ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಮೂಳೆಗಳನ್ನು ಬಿಗಿದು ಹಿಡಿದಿರುವ ಲಿಗಮೆಂಟ್ ಎಂಬ ಕಟ್ಟುಗಳು ಎಳೆದುಹೋಗುತ್ತವೆ, ಕೆಲವೊಮ್ಮೆ ಹರಿದೇ ಹೋಗುತ್ತವೆ.

ಹೊಸಬರಿಗೆ ಮೊದಲು ಕಲಿಸುವುದು ಹಲಗೆಗಳ ಮುಂತುದಿ ಹತ್ತಿರ, ಹಿಂತುದಿ ದೂರ ಇಟ್ಟು ನಿಧಾನವಾಗಿ ಇಳಿಯುವ ಬಗೆ. ಮಕ್ಕಳಿಗೆ ಇದನ್ನು ಪೀಟ್ಸಾ ತುಂಡು ಎಂದು ಹೇಳಿಕೊಡುವುದುಂಟು. ವೇಗ ತಡೆಯಲು ಇದು ಒಳ್ಳೆಯದು. ಆದರೆ ಹಲಗೆಯ ಒಳಅಂಚು ಹಿಮದಲ್ಲಿ ಕಚ್ಚಿಕೊಂಡರೆ ಭಾರವೆಲ್ಲ ಮಂಡಿಯ ಒಳಬದಿಯ ಕಟ್ಟಿನ ಮೇಲೆ ಬೀಳುತ್ತದೆ. ಹೊಸಬರಲ್ಲಿ ಈ ಒಳಬದಿಯ ಪೆಟ್ಟು ಸಾಮಾನ್ಯ. ಅದೃಷ್ಟವಶಾತ್ ಬಹುಪಾಲು ಶಸ್ತ್ರಚಿಕಿತ್ಸೆ ಇಲ್ಲದೆ ಕೂಡಿಕೊಳ್ಳುತ್ತದೆ. ಮಂಡಿಯ ನಡುವಿನ ಮುಂಗಟ್ಟು ಹರಿಯುವುದು ಬೇರೆಯೇ ವಿಚಾರ; ಅದು ತಿಂಗಳುಗಟ್ಟಲೆಯ ಕತೆ. ಹೆಂಗಸರಲ್ಲಿ ಈ ಪೆಟ್ಟು ಗಂಡಸರಿಗಿಂತ ಹೆಚ್ಚು.

ಈಗ ಬಿಸಿಲಿನ ಮಾತಿಗೇ ಮತ್ತೆ ಬರಬೇಕು. ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ, ಅದರಲ್ಲೂ ಮಾರ್ಚ್, ಏಪ್ರಿಲ್ ತಿಂಗಳಲ್ಲಿ, ಹಿಮ ದಿನವಿಡೀ ಒಂದೇ ಥರ ಇರುವುದಿಲ್ಲ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಕಲ್ಲಿನಂತೆ ಗಟ್ಟಿ. ಹತ್ತು ಹನ್ನೊಂದರ ಹೊತ್ತಿಗೆ ಮೇಲ್ಪದರ ಹದವಾಗಿ ಸಡಿಲಗೊಳ್ಳುತ್ತದೆ. ಕಲಿಯಲು ಇದೇ ಸೊಗಸಾದ ಸಮಯ. ಮಧ್ಯಾಹ್ನದ ನಂತರ ನೀರಾಡಿ ಗೊಜ್ಜಿನಂತಾಗುತ್ತದೆ. ಆ ಭಾರದ ಹಿಮದಲ್ಲಿ ಹಲಗೆ ತಿರುಗುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತದೆ. ವೇಗ ಕಡಿಮೆ ಇದ್ದಾಗ ಕೊಂಡಿ ಬಿಡಿಸಿಕೊಳ್ಳುವಷ್ಟು ಒತ್ತಡವೂ ಬೀಳದೆ ಮಂಡಿಯೇ ಸೋಲಬಹುದು. ಮೆಲ್ಲಗೆ ಬಿದ್ದೆ, ಆದರೂ ಇಷ್ಟು ಪೆಟ್ಟಾಯಿತೇ ಎಂದು ಜನ ಅಚ್ಚರಿಪಡುವುದು ಇದಕ್ಕೇ. ಅದೇ ಮಧ್ಯಾಹ್ನ ತೊಡೆಯ ಸ್ನಾಯುಗಳೂ ದಣಿದಿರುತ್ತವೆ. “ಇನ್ನೊಂದೇ ಒಂದು ಸುತ್ತು” ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅಲ್ಲಿಗೇ ನಿಲ್ಲಿಸಿ ಎಂಬುದು ನನ್ನ ಸಲಹೆ. ಸಂಜೆ ಊರಿಗೆ ಇಳಿಯಲು ಸುರಂಗದ ರೈಲೇ ಇದೆ. ಜಾರಿಕೊಂಡೇ ಇಳಿಯದಿದ್ದರೆ ಮರ್ಯಾದೆ ಹೋಗುವುದಿಲ್ಲ.

ಬೀಳುವುದಕ್ಕೂ ಒಂದು ವಿದ್ಯೆಯಿದೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಎಟ್ಲಿಂಗರ್, ಜಾನ್ಸನ್ ಮತ್ತು ಶೀಲಿ ಎಂಬ ಮೂವರು ಸ್ಕೀ ಅಪಘಾತಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1995ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಹಿಂದಕ್ಕೆ ವಾಲಿ, ಕುಂಡೆ ಮಂಡಿಗಿಂತ ಕೆಳಗಿಳಿದ ಸ್ಥಿತಿಯಲ್ಲಿ ಬೀಳದಿರಲು ಒದ್ದಾಡುವಾಗಲೇ ಮುಂಗಟ್ಟು ಹರಿಯುವುದು ಹೆಚ್ಚು ಎಂದು ಅವರು ತೋರಿಸಿದರು. ಕೈಗಳನ್ನು ಮುಂದೆ ಇಟ್ಟುಕೊಳ್ಳಿ. ಆಯ ತಪ್ಪಿತೆಂದರೆ ಒಪ್ಪಿಕೊಂಡು ಬಿದ್ದುಬಿಡಿ. ಬೀಳುವಾಗ ಕಾಲು ನೆಟ್ಟಗೆ ಚಾಚಬೇಡಿ, ಪೂರ್ತಿ ನಿಲ್ಲುವವರೆಗೂ ಏಳಲು ಹೋಗಬೇಡಿ. ಕೈಯಲ್ಲಿರುವ ಕೋಲನ್ನು ಬಿಟ್ಟುಬಿಡಿ. ಹಿಡಿದುಕೊಂಡೇ ಬಿದ್ದರೆ ಹೆಬ್ಬೆರಳ ಬುಡದ ಕಟ್ಟು ಹರಿಯುತ್ತದೆ.

ಬಾಡಿಗೆ ಅಂಗಡಿಯಲ್ಲಿ ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ ಕೇಳುತ್ತಾರೆ. ಕೊಂಡಿ ಎಷ್ಟು ಒತ್ತಡಕ್ಕೆ ಬಿಡಬೇಕು ಎಂಬುದನ್ನು ಆ ಲೆಕ್ಕದಿಂದಲೇ ಹೊಂದಿಸುವುದು. ಐವತ್ತು ದಾಟಿದವರಿಗೆ ಇನ್ನೂ ಸಡಿಲವಾಗಿ ಹೊಂದಿಸುವ ಪದ್ಧತಿಯಿದೆ. ನಮ್ಮಲ್ಲಿ ವಯಸ್ಸನ್ನೂ ತೂಕವನ್ನೂ ಸ್ವಲ್ಪ ತಿದ್ದಿ ಹೇಳುವ ಸಂಪ್ರದಾಯ ಉಂಟಲ್ಲ, ಅದನ್ನು ಅಲ್ಲಿ ಮಾಡಬೇಡಿ. ಮಗನದೋ ಸ್ನೇಹಿತರದೋ ಹಲಗೆಯನ್ನು ಹೊಂದಾಣಿಕೆ ಬದಲಿಸದೆ ಕಟ್ಟಿಕೊಳ್ಳುವುದೂ ಕೂಡದು.

ತಯಾರಿ ಆರೇಳು ವಾರ ಮುಂಚೆ ಮನೆಯಲ್ಲೇ ಶುರುವಾಗಲಿ. ಬೇಕಾಗಿರುವುದು ತೊಡೆಯ ಬಲ, ಅದರಲ್ಲೂ ಭಾರ ತಡೆಯುತ್ತ ನಿಧಾನವಾಗಿ ಇಳಿಯುವ ಬಲ. ನಮ್ಮ ಹಳೆಯ ಗರಡಿಮನೆಯ ಬಸ್ಕಿಗಿಂತ ಒಳ್ಳೆಯ ವ್ಯಾಯಾಮ ಇದಕ್ಕಿಲ್ಲ. ಮಂಡಿ ನೋವಿರುವವರು ಅರ್ಧ ಬಸ್ಕಿ ತೆಗೆದರೆ ಸಾಕು, ಇಲ್ಲವೇ ಗೋಡೆಗೆ ಬೆನ್ನು ಒರಗಿಸಿ ಕುರ್ಚಿಯಿಲ್ಲದೆ ಕೂರಬಹುದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ. ಹತ್ತಿ ಬಸ್ಸಿನಲ್ಲಿ ಬರುವ ಬದಲು ಇಳಿದೂ ಬನ್ನಿ. ಹತ್ತುವುದು ಎದೆಗೆ ವ್ಯಾಯಾಮ, ಇಳಿಯುವುದು ತೊಡೆಗೆ.

ಎತ್ತರ ಮತ್ತು ಎದೆ

ಸುನ್ನೆಗ್ಗಾದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನಾಲ್ಕರಲ್ಲಿ ಮೂರು ಭಾಗ. ಆರೋಗ್ಯವಂತರಿಗೆ ಸ್ವಲ್ಪ ಏದುಸಿರು ಬರಬಹುದು, ಅಷ್ಟೇ. ಆದರೆ ಝೆರ್ಮಾಟ್‌ಗೆ ಹೋದವರು ಅಲ್ಲಿಗೇ ನಿಲ್ಲುವುದಿಲ್ಲ. ಕಣಿವೆಯ ಇನ್ನೊಂದು ಬದಿಯಲ್ಲಿ ತಂತಿಯ ತೊಟ್ಟಿಲುಗಳು 3,883 ಮೀಟರಿನವರೆಗೂ ಒಯ್ಯುತ್ತವೆ. ಅಲ್ಲಿ ಒತ್ತಡ ಶೇಕಡಾ 60ರಿಂದ 65ರಷ್ಟೇ. ಬಂದ ಮೊದಲ ದಿನವೇ ಅಲ್ಲಿಗೆ ಹೋದರೆ ತಲೆನೋವು, ಓಕರಿಕೆ, ತಲೆಸುತ್ತು ಬರುವುದು ಆಶ್ಚರ್ಯವಲ್ಲ. ಇದಕ್ಕೆ ಮೊದಲ ಮದ್ದು ಕೆಳಗಿಳಿಯುವುದು. ಎರಡು ದಿನ ಸುನ್ನೆಗ್ಗಾದಲ್ಲಿ ಕಳೆದು ಮೂರನೆಯ ದಿನ ಅತ್ತ ಹೋಗಿ.

ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಸಂಶೋಧಕ ಮಾರ್ಟಿನ್ ಬುರ್ಟ್‌ಶರ್ ಅವರು ಆಲ್ಪ್ಸ್ ಪರ್ವತಗಳಲ್ಲಿ ಹೃದಯಾಘಾತದಿಂದಾದ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿದ್ದಾರೆ. ಮಧ್ಯವಯಸ್ಸು ದಾಟಿದ ಗಂಡಸರು, ಮೊದಲೇ ಹೃದಯಾಘಾತವಾಗಿದ್ದವರು, ಏರೊತ್ತಡ ಇರುವವರು, ಊರಿನಲ್ಲಿ ವ್ಯಾಯಾಮದ ಅಭ್ಯಾಸವೇ ಇಲ್ಲದವರು ಹೆಚ್ಚಿನ ಅಪಾಯದಲ್ಲಿರುವವರು. ಬೆಟ್ಟಕ್ಕೆ ಬಂದ ಮೊದಮೊದಲ ದಿನಗಳು ಅವರಿಗೆ ಗಂಡಾಂತರದವು. ನಮ್ಮ ಮೇಷ್ಟರಿಗೆ ನಾನು ವಿಧಿಸಿದ ಷರತ್ತುಗಳು ಇವು: ರಕ್ತದೊತ್ತಡ ಹತೋಟಿಯಲ್ಲಿರಬೇಕು, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಬೇಕು, ಆರು ವಾರ ದಿನಾ ಮುಕ್ಕಾಲು ಗಂಟೆ ಬಿರುನಡಿಗೆ. ಅಲ್ಲಿ ಮೊದಲ ದಿನ ಬರೀ ಜಗಲಿ, ಎರಡನೆಯ ದಿನ ಶಿಕ್ಷಕರ ಜೊತೆ ಒಂದು ಗಂಟೆ. ಎದೆ ಬಿಗಿತ, ಎಡಗೈ ಸೆಳೆತ, ಅಕಾರಣ ಬೆವರು ಕಂಡರೆ ಮೊಮ್ಮಗನ ಮುಂದೆ ನಾಚಿಕೊಳ್ಳದೆ ಕೂಡಲೇ ಹೇಳುವುದು. ಅವರ ಪತ್ನಿಗೆ ನನ್ನ ಮೇಲೆ ಇನ್ನೂ ಅಸಮಾಧಾನವಿದೆ.

ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಔಷಧವನ್ನು ಹೊರಜೇಬಿನಲ್ಲಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಮೈಗೆ ಅಂಟಿದ ಒಳಜೇಬಿನಲ್ಲಿರಲಿ. ಸಕ್ಕರೆ ಅಳೆಯುವ ಯಂತ್ರವೂ ಚಳಿಯಲ್ಲಿ ತಪ್ಪು ಲೆಕ್ಕ ಕೊಡಬಹುದು. ಶ್ರಮದಿಂದ ಸಕ್ಕರೆ ಇಳಿಯುವ ಸಂಭವ ಇರುವುದರಿಂದ ಇನ್ನೊಂದು ಜೇಬಿನಲ್ಲಿ ಗ್ಲೂಕೋಸು. ಬೆಟ್ಟದ ಗಾಳಿ ಒಣಗಾಳಿ, ಬಾಯಾರಿಕೆ ಗೊತ್ತಾಗದಂತೆ ಮೈಯ ನೀರು ಹೋಗುತ್ತದೆ. ಎಲ್ಲರೂ ಆಗಾಗ ನೀರು ಕುಡಿಯಬೇಕು. ಬಿಸಿ ವೈನು ಜಾರಾಟ ಮುಗಿದ ಮೇಲಿನ ವಿಷಯ. ಒಳಗೆ ಹತ್ತಿಯ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಮೋಡ ಬಂದ ಕೂಡಲೇ ನಡುಕ ಹುಟ್ಟಿಸುತ್ತದೆ.

ಮಕ್ಕಳ ಬಗ್ಗೆ ಎರಡೇ ಮಾತು. ಶಿಕ್ಷಕರ ಕೈಗೆ ಒಪ್ಪಿಸಿ, ನೀವೇ ಕಲಿಸಲು ಹೋಗಬೇಡಿ. ತಲೆಗೆ ಸರಿಯಾದ ಅಳತೆಯ ಹೆಲ್ಮೆಟ್ ಇರಲಿ. ಸ್ವಿಟ್ಜರ್ಲೆಂಡಿನಲ್ಲಿ ಅದಕ್ಕೆ ಕಾನೂನಿನ ಒತ್ತಾಯವಿಲ್ಲ. ಗಡಿಯಾಚೆಯ ಇಟಲಿಯಲ್ಲಿ 2022ರಿಂದ 18 ತುಂಬದವರಿಗೆ ಕಡ್ಡಾಯವಾಗಿತ್ತು, 2025ರ ಚಳಿಗಾಲದಿಂದ ಎಲ್ಲ ವಯಸ್ಸಿನವರಿಗೂ ಆಗಿದೆ. ದೊಡ್ಡವರೂ ಹಾಕಿಕೊಳ್ಳಿ.

ಷೆಂಗೆನ್ ವೀಸಾಕ್ಕೆಂದು ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಮಾಡಿಸಲೇಬೇಕು. ಆದರೆ ಅದರಲ್ಲಿ ಸ್ಕೀಯಿಂಗ್ ಸೇರಿದೆಯೇ, ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸುವ ಖರ್ಚು ಸೇರಿದೆಯೇ ಎಂದು ಸಣ್ಣ ಅಕ್ಷರಗಳನ್ನು ಓದಿ ನೋಡಿ. ಝೆರ್ಮಾಟ್‌ನಲ್ಲಿ 1968ರಲ್ಲಿ ಸ್ಥಾಪನೆಯಾದ ಹೆಲಿಕಾಪ್ಟರ್ ಸಂಸ್ಥೆಯೊಂದು ಗಾಯಾಳುಗಳನ್ನು ಹೊತ್ತು ತರುತ್ತದೆ. ಸೇವೆ ಚೆನ್ನಾಗಿದೆ, ಪುಕ್ಕಟೆಯಲ್ಲ. ಸ್ವಿಟ್ಜರ್ಲೆಂಡಿನ ಆಂಬುಲೆನ್ಸ್ ಸಂಖ್ಯೆ 144.

ಬಿದ್ದಾಗ ಮಂಡಿಯಲ್ಲಿ ‘ಟಪ್’ ಎಂಬ ಸದ್ದು ಕೇಳಿಸಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೆ ಒಳಗೆ ರಕ್ತ ತುಂಬಿದೆ ಎಂದರ್ಥ. ಮುಂಗಟ್ಟು ಹರಿದಿರುವ ಸಾಧ್ಯತೆ ಹೆಚ್ಚು. ಎಣ್ಣೆ ಹಚ್ಚಿ ನೀವಿಸಬೇಡಿ. ಬಟ್ಟೆ ಸುತ್ತಿದ ಮಂಜುಗಡ್ಡೆ ಇಟ್ಟು, ಕ್ರೇಪ್ ಬ್ಯಾಂಡೇಜು ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ, ಅಲ್ಲಿಯೇ ವೈದ್ಯರಿಗೆ ತೋರಿಸಿ. ಊರಿಗೆ ಹೋಗಿ ನೋಡೋಣವೆಂದು ಆ ಕಾಲಿನಲ್ಲೇ ಹತ್ತು ಗಂಟೆ ವಿಮಾನದಲ್ಲಿ ಕೂರುವವರಿಗೆ ಇನ್ನೊಂದು ಅಪಾಯವಿದೆ. ಪೆಟ್ಟಾಗಿ ಅಲುಗಾಡದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಶ್ವಾಸಕೋಶಕ್ಕೂ ಹೋಗಬಹುದು. ವಿಮಾನ ಹತ್ತಬಹುದೇ, ಅದಕ್ಕೆ ಮುಂಚೆ ರಕ್ತ ತೆಳುವಾಗಿಸುವ ಚುಚ್ಚುಮದ್ದು ಬೇಕೇ ಎಂಬುದನ್ನು ಅಲ್ಲಿನ ವೈದ್ಯರನ್ನೇ ಕೇಳಿ, ಅವರು ಕೊಟ್ಟ ಚೀಟಿಯನ್ನೂ ಚಿತ್ರಗಳನ್ನೂ ಕೈಚೀಲದಲ್ಲಿ ಇಟ್ಟುಕೊಂಡು ಬನ್ನಿ.